ಒಂಬತ್ತು ದಿನದ ಸವೆತ

ಅವಳು ಆ ಊರಿಗೆ ಬಂದಾಗ ಊರೇ ಇರಲಿಲ್ಲ. ಬೋಳು ಗುಡ್ಡವೊಂದರ ಬುಡದಲ್ಲಿ ಒಂಬತ್ತು ಡೇರೆಗಳಿದ್ದವು, ಒಂದು ಕುಂಟು ನಾಯಿಯಿತ್ತು, ಗುಡ್ಡದೊಳಗೆ ತಾಮ್ರವಿದೆ ಎಂಬ ಸುದ್ದಿಯಿತ್ತು. ಆ ಸುದ್ದಿಯೊಂದನ್ನೇ ನಂಬಿ ಅಪ್ಪ ತನ್ನ ಕುಲುಮೆಯ ಸಾಮಾನನ್ನೆಲ್ಲ ಎತ್ತಿನ ಗಾಡಿಗೆ ಹೇರಿಕೊಂಡು ಹದಿನೇಳು ದಿನ ಹಾದಿ ಸವೆಸಿದ್ದ. ಅವಳಿಗಾಗ ಹನ್ನೆರಡು ವರ್ಷ. ತುಂಬಿದ ಬಸುರಿ ಅಮ್ಮ ಕಬ್ಬಿಣ ಬಡಿಯುವ ಅಡಿಗಲ್ಲಿಗೆ ಒರಗಿ ಗಾಡಿಯಲ್ಲೇ ಕೂತು, ಹದಿನೇಳು ದಿನವೂ ಗಂಡನನ್ನು ಬೈಯುತ್ತಲೇ ಬಂದಿದ್ದಳು. ರಸ್ತೆ ಮುಗಿದ ಮೇಲೂ ಗಾಡಿ ಮುಂದೆ ಹೋಗುತ್ತಲೇ ಇದ್ದುದನ್ನು ಕಂಡು, "ಭೂಮಿ ಮುಗಿದ ಮೇಲಾದ್ರೂ ನಿಲ್ಲಿಸ್ತೀರಾ, ಅದರಾಚೆಗೂ ಹೋಗ್ಬೇಕಾ?" ಎಂದು ಕೇಳಿದಳಂತೆ. ಎತ್ತುಗಳು ಒಪ್ಪಿದರೆ ನಿಲ್ಲಿಸುತ್ತೇನೆ ಎಂದು ಅಪ್ಪ ಹೇಳಿದನಂತೆ.

ಬಂದ ಹನ್ನೊಂದನೆಯ ದಿನ ಅಮ್ಮ ಗಂಡು ಹೆತ್ತಳು. ಆ ನೆಲದಲ್ಲಿ ಹುಟ್ಟಿದ ಮೊದಲ ಕೂಸು. ಒಂಬತ್ತು ಡೇರೆಯವರೂ ಕೈ ತೊಳೆದುಕೊಂಡು ಸಾಲಾಗಿ ಬಂದು ನೋಡಿಹೋದರು. ಮಗುವಿಗೆ ಇಟ್ಟ ಹೆಸರನ್ನು ಯಾರೂ ಬಳಸಲಿಲ್ಲ. ಎಲ್ಲರ ಬಾಯಲ್ಲೂ ಅವನು 'ಮೊದಲಿಗ'ನಾದ. ಎದ್ದರೆ ಬಿದ್ದರೆ ಅಕ್ಕನ ಸೊಂಟವೇ ಅವನಿಗೆ ಗತಿ. ಒಂದು ಕೈಯಲ್ಲಿ ತಮ್ಮನನ್ನು ಹಿಡಿದು ಇನ್ನೊಂದು ಕೈಯಲ್ಲಿ ತಿದಿಯೊತ್ತುವುದನ್ನು ಅವಳು ಕಲಿತಳು.

ಗುಡ್ಡ ಸುಳ್ಳು ಹೇಳಲಿಲ್ಲ. ಮೂರು ವರ್ಷದೊಳಗೆ ಡೇರೆ ಹೋಗಿ ತಗಡಿನ ಮನೆ ಬಂತು, ತಗಡು ಹೋಗಿ ಕಲ್ಲಿನ ಗೋಡೆ, ಮರದ ತೊಲೆ ಬಂದವು. ಎಲ್ಲಿಂದಲೋ ಕಂಪನಿಯೊಂದು ಬಂದು ಗುಡ್ಡವನ್ನು ತನ್ನ ಹೆಸರಿಗೆ ಬರೆಸಿಕೊಂಡಿತು. ಮೊದಲು ಬಂದ ಒಂಬತ್ತು ಮನೆಯವರು ಕಣ್ಣುಜ್ಜಿಕೊಳ್ಳುವಷ್ಟರಲ್ಲಿ ಮಾಲೀಕರಾಗಿದ್ದವರು ಕೂಲಿಗಳಾಗಿದ್ದರು. ಆದರೂ ಊರು ಬೆಳೆಯಿತು. ರೈಲು ಬಂತು. ಶಾಲೆ, ಆರು ಹಾಸಿಗೆಯ ಆಸ್ಪತ್ರೆ, ಅಂಚೆ ಕಚೇರಿ, ಅಧಿಕಾರಿಗಳಿಗೆ ಮರದ ನೆಲದ ಕ್ಲಬ್ಬು. ಬೀದಿಗಳಿಗೆ ಕಂಪನಿ ಒಂದು, ಎರಡು, ಮೂರು ಎಂದು ನಂಬರು ಕೊಟ್ಟರೆ, ಜನ ಜಗಳಗಂಟಿ ಬೀದಿ, ಸೋಪಿನ ಬೀದಿ, ಅಳಿಯಂದಿರ ಬೀದಿ ಎಂದು ತಮಗೆ ಬೇಕಾದಂತೆ ಕರೆದರು. ಗುಡ್ಡದ ಹೊಟ್ಟೆಯಲ್ಲಿ ಐದು ಸುರಂಗ, ಹೊರಗೆ ಮೂರು ಸಾವಿರ ಜನ.

ಬಂಡೆಯಲ್ಲಿ ಸಿಡಿಮದ್ದು ತುಂಬಲು ತೂತು ಕೊರೆಯಬೇಕು. ಅದಕ್ಕೆ ಉಕ್ಕಿನ ಸಲಾಕೆ. ಒಬ್ಬ ಹಿಡಿದು ತಿರುಗಿಸುತ್ತಾನೆ, ಇನ್ನೊಬ್ಬ ಸುತ್ತಿಗೆಯಿಂದ ಬಡಿಯುತ್ತಾನೆ. ಒಂದು ಪಾಳಿ ಮುಗಿಯುವಷ್ಟರಲ್ಲಿ ಬಾಯಿ ಮೊಂಡು. ಮೊಂಡಾದ ಸಲಾಕೆಗಳೆಲ್ಲ ಸಂಜೆ ಕುಲುಮೆಗೆ ಬರುತ್ತಿದ್ದವು, ಬೆಳಿಗ್ಗೆ ಹರಿತವಾಗಿ ಒಳಗೆ ಹೋಗುತ್ತಿದ್ದವು. ಕಿಡಿ ಸಿಡಿದು ಅಪ್ಪನ ಒಂದು ಕಣ್ಣು ಹೋದ ವರ್ಷ ಅವಳು ಸುತ್ತಿಗೆ ಹಿಡಿದಳು. ಹೆಣ್ಣು ಬಡಿದ ಸಲಾಕೆ ಹಿಡಿಯೆವೆಂದು ಮೂಗು ಮುರಿದ ಗಂಡಸರು ಒಂದು ವಾರ ಪಟ್ಟಣದಿಂದ ತರಿಸಿದ ಸಲಾಕೆ ಬಳಸಿ, ಅಂಗೈ ಬೊಬ್ಬೆ ಎಣಿಸಿಕೊಂಡು, ಮತ್ತೆ ಅವಳ ಬಾಗಿಲಿಗೇ ಬಂದರು. ಹದ ಎಂಬುದು ಅವಳ ಕೈಯಲ್ಲಿತ್ತು. ಅಂದಿನಿಂದ ಊರಿಗೆಲ್ಲ ಅವಳು ಕುಲುಮೆಯಕ್ಕ.

ಸಲಾಕೆಯ ಬಾಯಿ ನೋಡಿ ಅವಳು ಆಳನ್ನು ಹೇಳುತ್ತಿದ್ದಳು. ಒಂದು ಮಗ್ಗುಲು ಸವೆದಿದ್ದರೆ ಎಡಗೈಯವನು. ತುದಿ ಚಕ್ಕೆ ಎದ್ದಿದ್ದರೆ ಹೆಂಡತಿಯೊಡನೆ ಜಗಳವಾಡಿ ಬಂದವನು. ಹಸಿರು ಬಂಡೆ ಕೊರೆದದ್ದು, ಕರಿ ಬಂಡೆ ಕೊರೆದದ್ದು, ಅರ್ಧ ಪಾಳಿ ಕೊರೆದು ಅರ್ಧ ಪಾಳಿ ಹರಟಿದ್ದು, ಎಲ್ಲ ಅವಳಿಗೆ ತಿಳಿಯುತ್ತಿತ್ತು. ಮೇಸ್ತ್ರಿಯೊಬ್ಬ ಕೂಲಿಗಳ ಮೇಲೆ ಕಣ್ಣಿಡಲು ಅವಳನ್ನು ಕೇಳಿದ. ಸಲಾಕೆ ತನಗೆ ಹೇಳಿದ್ದು ತನಗೆ, ಚಾಡಿ ಹೇಳುವ ಸಲಾಕೆ ಬೇಕಿದ್ದರೆ ಬೇರೆ ಕುಲುಮೆ ನೋಡಿಕೊ ಎಂದು ಅವಳು ಕಳಿಸಿದಳು.

ಅವಳ ಗಂಡ ಸುರಂಗಕ್ಕೆ ಮರದ ಆಸರೆ ಕೊಡುವವನು. ಕೊರೆದಷ್ಟು ದೂರ ಕಂಬ ನಿಲ್ಲಿಸಿ, ಮೇಲೆ ಅಡ್ಡತೊಲೆ ಕೂರಿಸಿ, ಗುಡ್ಡ ತಲೆಯ ಮೇಲೆ ಬೀಳದಂತೆ ನೋಡಿಕೊಳ್ಳುವುದು ಅವನ ಕೆಲಸ. ಊರು ಅವನನ್ನು ಕಂಬದಣ್ಣ ಎನ್ನುತ್ತಿತ್ತು. ಮಾತಿಗೆ ಬಡವ, ಕಿವಿಗೆ ಶ್ರೀಮಂತ: ಮರ ನರಳುವುದು ಅವನಿಗೆ ಒಂದು ತಾಸು ಮೊದಲೇ ಕೇಳಿಸುತ್ತಿತ್ತು. ಐದನೆಯ ಸುರಂಗದಲ್ಲಿ ನಾಲ್ಕಡಿಗೊಂದು ಕಂಬ ಬೇಕೆಂದು ಅವನು ಹೇಳಿದ. ಕಂಪನಿ ಆರಡಿಗೊಂದು ಕೊಟ್ಟಿತು. ಅವನು ಮತ್ತೆ ಹೇಳಿದ. ನಿನಗೆ ಮರದ ಮೇಲೆ ಮೋಹ ಜಾಸ್ತಿ ಎಂದು ಆಗಿನ ಮ್ಯಾನೇಜರು ನಕ್ಕ.

ಒಂದು ಮಧ್ಯಾಹ್ನ ಐದನೆಯ ಸುರಂಗ ಕುಸಿಯಿತು. ಒಳಗೆ ಏಳು ಜನ ಸಿಕ್ಕಿಕೊಂಡರು. ಅದರಲ್ಲಿ ಮೊದಲಿಗನೂ ಒಬ್ಬ. ಅವನಿಗೆ ಇಪ್ಪತ್ತೆಂಟು, ಮದುವೆಯಾಗಿ ಎರಡು ವರ್ಷ, ಹೆಂಡತಿಗೆ ಮೂರು ತಿಂಗಳು.

ನಾಲ್ಕು ದಿನ ಅಗೆದರು. ಐದನೆಯ ದಿನ ಬೆಳಿಗ್ಗೆ ಮ್ಯಾನೇಜರು ಬಾಯಿಗೆ ಕರವಸ್ತ್ರ ಹಿಡಿದುಕೊಂಡು ಬಂದು, ಏಳೂ ಜನ ಬಂಡೆ ಬಿದ್ದ ಕ್ಷಣದಲ್ಲೇ ಸತ್ತಿದ್ದಾರೆ, ಇನ್ನು ಅಗೆದರೆ ಅಗೆಯುವವರೂ ಸಾಯುತ್ತಾರೆ, ಗುಡ್ಡ ಕೂತ ಮೇಲೆ ಹೆಣ ತೆಗೆದುಕೊಡುತ್ತೇವೆ ಎಂದ. ಸುರಂಗಕ್ಕೆ ಅಡ್ಡವಾಗಿ ಗೋಡೆ ಕಟ್ಟಿಸಿದ. ಪಕ್ಕದ ನಾಲ್ಕನೆಯ ಸುರಂಗವನ್ನೂ ಒಂದು ತಿಂಗಳು ಮುಚ್ಚಿಸಿದ. ಗುಡ್ಡ ಕೂತಿತೋ ಎದ್ದಿತೋ, ಹೆಣ ಮಾತ್ರ ಬರಲಿಲ್ಲ. ಕುಲುಮೆಯಕ್ಕ ಪ್ರತಿ ವರ್ಷ ಅದೇ ದಿನ ಕಚೇರಿಗೆ ಹೋಗಿ, ಯಾವಾಗ ತೆಗೆಯುತ್ತೀರಿ ಎಂದು ಕೇಳಿ ಬರುತ್ತಿದ್ದಳು. ಮೂವರು ಮ್ಯಾನೇಜರು ಬದಲಾದರು. ಉತ್ತರ ಬದಲಾಗಲಿಲ್ಲ.

ಹನ್ನೆರಡು ವರ್ಷ ಹೀಗೆ ಕಳೆದ ಮೇಲೆ ಗುಡ್ಡದ ತಾಮ್ರ ತೀರಿತು. ಮೊದಲು ಒಂದನೆಯ ಸುರಂಗ ನಿಂತಿತು, ಆಮೇಲೆ ಎರಡನೆಯದು. ಕ್ಲಬ್ಬಿನ ಪಿಯಾನೋ ರೈಲು ಹತ್ತಿದ ದಿನವೇ ಊರಿಗೆ ಅರ್ಥವಾಯಿತು. ಬಳಿಕ ಅಂಚೆ ಕಚೇರಿಯ ಬಾಗಿಲಿಗೆ ಕಾಗದ ಅಂಟಿಸಿದರು: ಎರಡು ತಿಂಗಳಲ್ಲಿ ಎಲ್ಲರೂ ಮನೆ ತೆರವು ಮಾಡಬೇಕು, ಇಂಥ ದಿನ ಕೊನೆಯ ರೈಲು, ಅದರ ಮರುದಿನ ಐದೂ ಸುರಂಗಗಳ ಬಾಯಿಗೆ ಮದ್ದಿಟ್ಟು ಮುಚ್ಚಲಾಗುವುದು.

ಕುಲುಮೆಯಕ್ಕ ಕಾಗದವನ್ನು ಎರಡು ಸಲ ಓದಿದಳು. ಸೆರಗಿಗೆ ಕೈ ಒರೆಸಿಕೊಂಡು ನೆಟ್ಟಗೆ ಕಚೇರಿಗೆ ಹೋದಳು. ಹೊಸ ಮ್ಯಾನೇಜರು ವಯಸ್ಸಿನಲ್ಲಿ ಚಿಕ್ಕವನು, ಮರ್ಯಾದಸ್ಥ. ಎದ್ದು ನಿಂತು ಕುರ್ಚಿ ತೋರಿಸಿದ. ಅವಳು ಕೂರಲಿಲ್ಲ. ಗಣಿಗೆ ಇಳಿಯುವವರಿಗೆಲ್ಲ ಗೇಟಿನಲ್ಲಿ ನಂಬರು ಕೊರೆದ ಹಿತ್ತಾಳೆ ಬಿಲ್ಲೆ ಕೊಡುವುದು, ಮೇಲೆ ಬಂದ ಮೇಲೆ ಅದನ್ನು ಮೊಳೆಗೆ ತೂಗುಹಾಕುವುದು ರೂಢಿ. ಅವಳು ಗೋಡೆಯ ಮೇಲಿನ ಆ ಹಲಗೆಯನ್ನು ತೋರಿಸಿದಳು.

"ಇಳಿದವರು ಮೇಲೆ ಬಂದು ಬಿಲ್ಲೆ ಒಪ್ಪಿಸಬೇಕು ಅಂತ ನಿಮ್ಮದೇ ಕಾನೂನು. ಏಳು ಬಿಲ್ಲೆ ಇನ್ನೂ ಬಂದಿಲ್ಲ. ಜನ ಒಳಗಿರುವಾಗ ಬಾಗಿಲು ಹೇಗೆ ಹಾಕ್ತೀರಿ?"

"ಅಮ್ಮಾ, ಹನ್ನೆರಡು ವರ್ಷ ಆಯ್ತು."

"ಗೊತ್ತು. ನಾನೂ ಎಣಿಸ್ತಾನೇ ಇದ್ದೀನಿ."

ಯಾರೂ ಒಳಗೆ ಹೋಗುವ ಹಾಗಿಲ್ಲ, ಹೋದರೆ ತಾನು ಜವಾಬ್ದಾರನಲ್ಲ ಎಂದ ಅವನು. ಆಗಲೂ ನಿಮ್ಮವರು ಯಾರೂ ಜವಾಬ್ದಾರರಾಗಿರಲಿಲ್ಲ, ಅದೇನೂ ಹೊಸ ಸುದ್ದಿಯಲ್ಲ ಎಂದು ಹೇಳಿ ಅವಳು ಹೊರಬಂದಳು.

ಅಲ್ಲಿಂದ ಹೋದದ್ದು ತಮ್ಮನ ಹೆಂಡತಿಯ ಮನೆಗೆ. ಅವಳು ಊರಿನ ದರ್ಜಿ. ಕಿಟಕಿಯ ಪಕ್ಕ ಹೊಲಿಗೆ ಯಂತ್ರ, ಗೋಡೆಯುದ್ದಕ್ಕೂ ಕೊಟ್ಟವರು ತೆಗೆದುಕೊಂಡು ಹೋಗದೆ ಬಿಟ್ಟ ಅಂಗಿಗಳು. ತಂದೆಯನ್ನು ಕಾಣದೆ ಹುಟ್ಟಿದ ಮಗಳು ಮೂಲೆಯಲ್ಲಿ ಗುಂಡಿಗಳನ್ನು ಡಬ್ಬಿಗೆ ತುಂಬುತ್ತಿದ್ದಳು. ಕುಲುಮೆಯಕ್ಕ ಬಂದ ವಿಷಯ ಹೇಳಿದಳು: ಗೋಡೆ ಒಡೆದು ಒಳಗೆ ಹೋಗುತ್ತೇವೆ, ಏಳು ಜನರನ್ನೂ ಹೊರಗೆ ತರುತ್ತೇವೆ, ಆಮೇಲೆ ಊರು ಬಿಡುತ್ತೇವೆ. ತಮ್ಮನ ಹೆಂಡತಿ ಕತ್ತರಿ ಕೆಳಗಿಟ್ಟಳು.

"ನಿಮ್ಮ ತಮ್ಮ ಸತ್ತ. ಆ ಮಾತು ನುಂಗಿಕೊಂಡು ನಾನು ಹನ್ನೆರಡು ವರ್ಷ ಬದುಕಿದ್ದೀನಿ. ಈಗ ಭಾವನ್ನೂ ಕರ್ಕೊಂಡು ಹೋಗಿ ಅಲ್ಲೇ ಹೂತು ಬರ್ತೀರಾ, ಅಕ್ಕ? ಸತ್ತವರಿಗೋಸ್ಕರ ಇದ್ದವರನ್ನ ಕಳ್ಕೋಬೇಕಾ?"

ಆ ಮಾತು ಸರಿಯಾಗಿಯೇ ಇತ್ತು. ಕುಲುಮೆಯಕ್ಕ ನೆಲಕ್ಕೆ ಬಿದ್ದಿದ್ದ ಗುಂಡಿಯೊಂದನ್ನು ಎತ್ತಿ ಡಬ್ಬಿಗೆ ಹಾಕಿ ಹೇಳಿದಳು: "ಅವನು ಒಳಗಿದ್ದಾನೆ. ನಾನು ರೈಲು ಹತ್ತೋಕೆ ಆಗಲ್ಲ. ಅಷ್ಟೇ ಕಣೇ. ಇದರಲ್ಲಿ ಬುದ್ಧಿವಂತಿಕೆ ಏನೂ ಇಲ್ಲ."

ಮರುದಿನ ಜನ ಸೇರಿದರು. ಒಳಗಿದ್ದವರ ಬಂಧುಗಳು, ಅವರ ನಂಟರಿಷ್ಟರು, ಒಳಗೆ ಯಾರೂ ಇಲ್ಲದಿದ್ದರೂ ಸುಮ್ಮನೆ ಬಂದ ನಾಲ್ಕೈದು ಜನ, ಎಲ್ಲ ಸೇರಿ ಮೂವತ್ತೆಂಟು. ಕಂಬದಣ್ಣ ನೆಲದ ಮೇಲೆ ಕಡ್ಡಿಯಿಂದ ಗೆರೆ ಎಳೆದು ಲೆಕ್ಕ ಹಾಕಿದ. ಕುಸಿದದ್ದು ನೂರಿಪ್ಪತ್ತು ಅಡಿ. ಈ ಸಲ ಮೂರಡಿಗೊಂದು ಜೋಡಿ ಕಂಬ. ಎಂಬತ್ತು ಕಂಬ, ನಲವತ್ತು ಅಡ್ಡತೊಲೆ. ಮರದ ಉಗ್ರಾಣ ಖಾಲಿ. ಗುಡ್ಡದಲ್ಲಿ ಹಲ್ಲುಕಡ್ಡಿಗೂ ಒಂದು ಮರವಿಲ್ಲ. ಕಂಬದಣ್ಣ ಎದ್ದು, ತನ್ನ ಮನೆಗೆ ನಡೆದು, ಏಣಿ ಹಾಕಿ ಸೂರು ಬಿಚ್ಚತೊಡಗಿದ.

ಹಾಗೆ ಶುರುವಾಯಿತು. ದಿನಕ್ಕೆ ಎರಡು ಮೂರು ಮನೆ ಬಿಚ್ಚಿದರು. ರೈಲು ಹತ್ತಲು ಹೊರಟವರು ಬೀಗದ ಕೈಯನ್ನು ಕಚೇರಿಗೆ ಕೊಡದೆ ಕುಲುಮೆಗೆ ತಂದುಕೊಟ್ಟರು. ನಮ್ಮ ನಡುಮನೆಯ ತೊಲೆ ಗಟ್ಟಿ, ಅಡುಗೆಮನೆಯದು ಹೊಗೆ ಹಿಡಿದಿದೆ ಬೇಡ ಎಂದು ಗುರುತು ಹೇಳಿ ಹೋದರು. ಜಗಳಗಂಟಿ ಬೀದಿಯ ಇಬ್ಬರು ಹೆಂಗಸರು ಯಾರ ಮನೆಯ ಮರ ಹೆಚ್ಚು ಗಟ್ಟಿ ಎಂದು ಕೊನೆಯ ಜಗಳವಾಡಿ ಒಂದೇ ಬೋಗಿ ಹತ್ತಿದರು. ಜನ ಸಾಮಾನು ಹೊತ್ತು ರೈಲಿನತ್ತ ನಡೆದರೆ, ಅವರ ಸೂರುಗಳು ಒಂದೊಂದಾಗಿ ಗುಡ್ಡದತ್ತ ನಡೆದವು.

ಮ್ಯಾನೇಜರು ಬಂದು ಮನೆಗಳು ಕಂಪನಿಯ ಆಸ್ತಿ ಎಂದು ನೆನಪಿಸಿದ. ಕಂಬದಣ್ಣ ಏಣಿಯ ಮೇಲಿಂದಲೇ ಮಾತಾಡಿದ; ಅಷ್ಟುದ್ದದ ಮಾತನ್ನು ಅವನ ಬಾಯಲ್ಲಿ ಊರು ಅಲ್ಲಿಯವರೆಗೆ ಕೇಳಿರಲಿಲ್ಲ. "ನಾಲ್ಕಡಿಗೊಂದು ಕಂಬ ಬೇಕು ಅಂದಿದ್ದೆ. ಆರಡಿಗೊಂದು ಕೊಟ್ರಿ. ಆಗ ಕೊಡದೇ ಇದ್ದಿದ್ದನ್ನ ಈಗ ತಗೋತಾ ಇದ್ದೀನಿ."

ಮ್ಯಾನೇಜರು ವಿದ್ಯುತ್ತು ಕಡಿಸಿದ. ಗಾಳಿಯ ಒತ್ತಡದಿಂದ ಬಂಡೆ ಕೊರೆಯಲು ಈಚೆಗೆ ತರಿಸಿದ್ದ ಗಾಳಿಯಂತ್ರ ನಿಂತಿತು. ಮೊದಲ ಒಂಬತ್ತು ಡೇರೆಯವರು ಗಾಳಿಯಂತ್ರ ಕಂಡಿದ್ದರೇ ಎಂದು ಕುಲುಮೆಯಕ್ಕ ಅಪ್ಪನ ಕಾಲದ ಕೈಸಲಾಕೆಗಳನ್ನು ಹಿತ್ತಲಿಂದ ಎಳೆದು ತಂದಳು. ಕಂಪನಿಯ ಕಲ್ಲಿದ್ದಲಿನ ಅಂಗಳಕ್ಕೆ ಬೀಗ ಬಿತ್ತು. ಇಂಜಿನ್ ಡ್ರೈವರನಿಗೆ ಯಾರು ಹೇಳಿದರೋ, ಅಂದಿನಿಂದ ಅವನ ರೈಲು ಕುಲುಮೆಯ ಹಿಂದೆ ಬಂದಾಗ ಆಮೆಯಂತೆ ತೆವಳುತ್ತಿತ್ತು. ಇಂಜಿನ್ನಿನ ಬೆಂಕಿ ನೋಡಿಕೊಳ್ಳುವ ಕೆಂಡದವನು ಎರಡು ಸಲಿಕೆ ಕಲ್ಲಿದ್ದಲು ಒಲೆಗೆ, ಒಂದು ಸಲಿಕೆ ಬೇಲಿಯಾಚೆಗೆ ಎಸೆಯುತ್ತಿದ್ದ. ಕುಲುಮೆಗೆ ಅಷ್ಟು ಧಾರಾಳವಾಗಿತ್ತು.

ಕೊನೆಯ ರೈಲು ಬಂದ ಬೆಳಿಗ್ಗೆ ನಿಲ್ದಾಣದಲ್ಲಿ ನೂರಿನ್ನೂರು ಜನ ಹತ್ತಿದರು. ಡ್ರೈವರು ಅರ್ಧ ತಾಸು ಕಾದ, ಮೂರು ಸಲ ಕೂಗು ಹಾಕಿದ. ಮೂವತ್ತೆಂಟು ಜನ ಸುರಂಗದ ಬಾಯಲ್ಲಿ ನಿಂತು ಆ ಕೂಗು ಕೇಳಿದರು. ಯಾರೂ ಅಲುಗಲಿಲ್ಲ. ರೈಲು ಹೋದ ಮೇಲೆ ಊರಿನಲ್ಲಿ ಎಂಥ ಮೌನ ಬಿತ್ತೆಂದರೆ, ಮಗುವೊಂದು ಕೆಮ್ಮಿದ್ದು ಎಲ್ಲ ಬೀದಿಗಳಿಗೂ ಕೇಳಿಸಿತು. ಇನ್ನು ವಾರಕ್ಕೊಮ್ಮೆ ಯಂತ್ರ ಸಾಗಿಸುವ ಗೂಡ್ಸು ಮಾತ್ರ.

ಮರುದಿನ ಸುರಂಗದ ಬಾಯಿ ಮುಚ್ಚಲು ಮದ್ದಿನವನು ಬಂದ. ಅವನೂ ಊರಿನವನೇ; ಕಂಪನಿ ಕೊನೆಯವರೆಗೆ ಉಳಿಸಿಕೊಂಡ ಕೆಲವರಲ್ಲಿ ಒಬ್ಬ. ಒಂದರಿಂದ ನಾಲ್ಕರವರೆಗೆ ಸುರಂಗಗಳನ್ನು ಮುಚ್ಚಿ, ಐದನೆಯದರ ಮುಂದೆ ಬಂದು ನಿಂತು ಒಳಗೆ ಕೂಗಿದ.

"ಒಳಗೆ ಯಾರಾದ್ರೂ ಇದ್ದೀರಾ?"

"ಇದ್ದೀವಿ," ಎಂದಳು ಕುಲುಮೆಯಕ್ಕ ಒಳಗಿಂದ.

"ಸರಿ ಹಾಗಾದ್ರೆ," ಎಂದು ಅವನು ಪುಸ್ತಕ ತೆಗೆದು 'ಒಳಗೆ ಜನ' ಎಂದು ಬರೆದುಕೊಂಡು ಹೋದ. ಜನರಿರುವ ಕಡೆ ಮದ್ದಿಡಬಾರದೆಂಬುದು ಕಂಪನಿಯದೇ ನಿಯಮ. ಅದರ ಮರುದಿನವೂ ಬಂದ, ಕೇಳಿದ, ಬರೆದ. ಅಂದಿನಿಂದ ಅವರು ಪಾಳಿ ಮಾಡಿಕೊಂಡರು. ಹಗಲಾಗಲಿ ಇರುಳಾಗಲಿ ಒಬ್ಬರಾದರೂ ಒಳಗಿರಲೇಬೇಕು. ಉಣ್ಣಲು ಹೊರಡುವವನು ಇನ್ನೊಬ್ಬ ಬಂದು ಭುಜ ಮುಟ್ಟುವವರೆಗೆ ಏಳುತ್ತಿರಲಿಲ್ಲ. ಮದ್ದಿನವನು ಅಷ್ಟೂ ದಿನ ಒಂದು ದಿನವೂ ತಪ್ಪಿಸಲಿಲ್ಲ, ಒಂದು ದಿನವೂ ಪ್ರಶ್ನೆ ಬದಲಿಸಲಿಲ್ಲ. ಅವನ ಪುಸ್ತಕದಲ್ಲಿ ಪುಟದ ಮೇಲೆ ಪುಟ ಅದೇ ಎರಡು ಪದ.

ಮದ್ದಿನವನು ಬರತೊಡಗಿದ ಹತ್ತೊಂಬತ್ತನೆಯ ದಿನ ಕಂಬದಣ್ಣ ಕೈಯಲ್ಲಿದ್ದ ಗರಗಸ ನಿಲ್ಲಿಸಿ ತಲೆ ಓರೆ ಮಾಡಿದ. "ಮರ ಮಾತಾಡ್ತಾ ಇದೆ. ನಡೀರಿ ಹೊರಗೆ," ಎಂದ. ಪ್ರಶ್ನೆ ಕೇಳಲು ನಿಂತವರಿಲ್ಲ. ಎಲ್ಲರೂ ಸುರಂಗದ ಬಾಯಿಗೆ ಬಂದ ಮೇಲೆ ಒಳಗಿಂದ ಧೂಳಿನ ಉಸಿರು ಬಂತು. ಎಂಟು ಜೋಡಿ ಕಂಬ ಕಡ್ಡಿಗಳಂತೆ ಮುರಿದಿದ್ದವು. ಆರು ದಿನದ ಕೆಲಸ ಮಣ್ಣುಪಾಲಾಯಿತು. ಮದ್ದಿನವನು ಅಲ್ಲೇ ಇದ್ದ. ಅವನು ಸುರಂಗವನ್ನೂ ಜನರನ್ನೂ ನೋಡಿದ. ಆ ಹೊತ್ತಿನಲ್ಲಿ ಒಳಗೆ ಯಾರೂ ಇರಲಿಲ್ಲ. ಕುಲುಮೆಯಕ್ಕ ತಲೆಗೂದಲಿನ ಧೂಳು ಕೊಡವಿ, ದೀಪ ಎತ್ತಿಕೊಂಡು, ಹತ್ತು ಹೆಜ್ಜೆ ಒಳಗೆ ಹೋಗಿ ಒಂದು ಕಲ್ಲಿನ ಮೇಲೆ ಕೂತಳು. ಅವನು ಎಂದಿನಂತೆ ಕೇಳಿದ. ಅವಳು ಎಂದಿನಂತೆ ಹೇಳಿದಳು. ಅವನು ಬರೆದುಕೊಂಡ.

ಅಂದು ಒಂಬತ್ತು ಜನ ತಲೆ ತಗ್ಗಿಸಿ ಗೂಡ್ಸು ಹತ್ತಿದರು. ಅವರನ್ನು ಯಾರೂ ಬೈಯಲಿಲ್ಲ. ಗುಡ್ಡಕ್ಕೆ ನಮ್ಮ ಅವಸರ ಗೊತ್ತಿಲ್ಲ, ಮತ್ತೆ ಹೂಡೋಣ ಎಂದ ಕಂಬದಣ್ಣ. ಆದರೆ ಗಟ್ಟಿ ಮರ ಎಲ್ಲಿ? ಉಳಿದ ಮನೆಗಳದ್ದೆಲ್ಲ ಹುಳ ತಿಂದ ಪೊಳ್ಳು. ಹಾಗೆ ಮಾತಾಡುತ್ತ ನಿಂತಿದ್ದಾಗ ತಮ್ಮನ ಹೆಂಡತಿ ಮಗಳೊಡನೆ ಏರು ಹತ್ತಿ ಬಂದಳು. ಗಂಟು ಕಟ್ಟಿಟ್ಟುಕೊಂಡೂ ಅವಳು ಕೊನೆಯ ರೈಲನ್ನೂ ಹತ್ತಿರಲಿಲ್ಲ, ಗೂಡ್ಸನ್ನೂ ಹತ್ತಿರಲಿಲ್ಲ. ಭಾವನ ಕೈಯಲ್ಲಿದ್ದ ಮುರಿದ ಕಂಬವನ್ನು ನೋಡಿದಳು, ಉಗುರಿನಿಂದ ಕೆರೆದಳು.

"ಇದೇನು ಮರಾನಾ, ರೊಟ್ಟಿ ಚೂರಾ? ನಮ್ಮನೆ ತೊಲೆ ತೇಗದ್ದು. ನಿಮ್ಮ ತಮ್ಮನೇ ಆರಿಸಿ ಹಾಕಿದ್ದು, ಅಕ್ಕ. ಬನ್ನಿ, ಇಳಿಸಿಕೊಳ್ಳಿ."

ಅಷ್ಟೇ ಹೇಳಿದಳು. ಸಂಜೆಯ ಹೊತ್ತಿಗೆ ಅವಳ ಸೂರೂ ಕೆಳಗಿತ್ತು, ಅವಳು ಕಲ್ಲಿನ ಬುಟ್ಟಿ ಹೊರುವವರ ಸಾಲಿನಲ್ಲಿದ್ದಳು. ಮರು ವಾರ ಕ್ಲಬ್ಬಿನ ನೆಲವನ್ನೂ ಕಿತ್ತರು. ಅಧಿಕಾರಿಗಳು ಕುಣಿದಿದ್ದ ಹಲಗೆ ನುಣುಪಾಗಿತ್ತು, ಚೆನ್ನಾಗಿ ಭಾರ ತಡೆಯಿತು.

ಮೂವತ್ತನಾಲ್ಕನೆಯ ದಿನ ಹತ್ತು ಗಂಟೆಯ ಸುಮಾರಿಗೆ ಗುದ್ದಲಿ ಆಚೆಗೆ ತೂರಿತು. ತಣ್ಣನೆಯ ಗಾಳಿ ಬಂತು. ಕಂಬದಣ್ಣ ಮೊದಲು ತೂರಿಕೊಂಡು ಹೋಗಿ, ಬಹಳ ಹೊತ್ತು ಆ ಕಡೆಯೇ ಇದ್ದು, ಆಮೇಲೆ ಹೆಂಡತಿಯನ್ನೂ ತಮ್ಮನ ಹೆಂಡತಿಯನ್ನೂ ಮಾತ್ರ ಕರೆದ.

ಒಳಗೆ ಕೋಣೆಯಷ್ಟು ಜಾಗ ಕುಸಿಯದೆ ಉಳಿದಿತ್ತು. ಒಂದು ಮೂಲೆಯಲ್ಲಿ ನೀರು ತೊಟ್ಟಿಕ್ಕುತ್ತಿತ್ತು, ಅದರ ಕೆಳಗೆ ಊಟದ ಡಬ್ಬಿಗಳನ್ನು ಸಾಲಾಗಿ ಇಟ್ಟಿದ್ದರು. ಗೋಡೆಯ ಬದಿಗೆ ಆರು ಜನ ಒಬ್ಬರ ಪಕ್ಕ ಒಬ್ಬರು ಮಲಗಿದ್ದರು. ಪ್ರತಿಯೊಬ್ಬರ ಮುಖದ ಮೇಲೂ ಅವರವರ ಅಂಗಿ ಹೊದಿಸಿತ್ತು. ಅಂಗಿಯ ಕೆಳಗೆ ಮುಖವೆಂಬುದು ಇರಲಿಲ್ಲ, ಹನ್ನೆರಡು ವರ್ಷವಾಗಿತ್ತು. ಬಿಲ್ಲೆಯ ನಂಬರು ನೋಡಿ ಗುರುತು ಹಿಡಿದರು. ಸಾಲಿನಲ್ಲಿ ಮೂರನೆಯವನು ಮೊದಲಿಗ. ತಮ್ಮನ ಹೆಂಡತಿ ಅವನ ಅಂಗಿಯ ಹೊಲಿಗೆಯನ್ನು ಬೆರಳಿನಿಂದ ಮುಟ್ಟಿ, ನನ್ನ ಹೊಲಿಗೆಯೇ, ಬಿಚ್ಚಿಲ್ಲ ಎಂದಳು. ಆಮೇಲೆ ನೆಲದ ಮೇಲೆ ಕೂತುಬಿಟ್ಟಳು.

ಏಳನೆಯವನು ದೂರವಿದ್ದ. ಕೋಣೆಯ ಎಡಗೋಡೆಯಲ್ಲಿ ಒಬ್ಬ ತೆವಳಬಹುದಾದಷ್ಟು ಅಗಲದ ಬಿಲವೊಂದನ್ನು ಕೊರೆದಿದ್ದರು, ಐದಡಿ ಆಳ. ಅವನು ಅದರೊಳಗೆ ಬೋರಲಾಗಿದ್ದ, ಕೈಯ ಬಳಿ ಸಲಾಕೆ. ಬಿಲ್ಲೆ ನೋಡಿದರೆ, ಎಲ್ಲಿಂದಲೋ ಬಂದು ಊರಿನಲ್ಲಿ ಎಂಟು ತಿಂಗಳು ಮಾತ್ರ ಇದ್ದ ಒಬ್ಬಂಟಿ. ಉಳಿದ ಆರು ಜನರ ಮುಖಕ್ಕೆ ಬಟ್ಟೆ ಹೊದಿಸಿ, ಮತ್ತೆ ಹೋಗಿ ಕೊರೆದವನು ಅವನು. ಇಷ್ಟು ದಿನ ಅಗೆದವರಲ್ಲಿ ಅವನಿಗಾಗಿ ಅಗೆದವರು ಯಾರೂ ಇರಲಿಲ್ಲ.

ಕಂಬದಣ್ಣ ಬಿಲದ ತುದಿಯವರೆಗೆ ಅಳೆದು ನೋಡಿ, ನಕ್ಷೆ ಬಿಡಿಸಿ, ಮತ್ತೆ ಅಳೆದ. ಅಲ್ಲಿಂದ ನಾಲ್ಕನೆಯ ಸುರಂಗಕ್ಕೆ ಆರಡಿ. ಅದನ್ನು ಮುಚ್ಚಿಸಿದ್ದ ಆ ತಿಂಗಳು ಅಲ್ಲಿ ಒಬ್ಬನಾದರೂ ಕೆಲಸಕ್ಕೆ ಇಳಿದಿದ್ದರೆ ಬಡಿಯುವ ಸದ್ದು ಕಿವಿಗೆ ಬೀಳುತ್ತಿತ್ತು.

ಕುಲುಮೆಯಕ್ಕ ಅಳಲಿಲ್ಲ. ಒಳಗೆ ಸಿಕ್ಕಿದ ಐದು ಸಲಾಕೆಗಳನ್ನು ಮಡಿಲಲ್ಲಿ ಹಾಕಿಕೊಂಡು ಹೊರಗೆ ಬೆಳಕಿಗೆ ಬಂದು ಕೂತಳು. ಸುರಂಗ ಕುಸಿದ ದಿನ ಬೆಳಿಗ್ಗೆ ಅವನ್ನು ಹರಿತ ಮಾಡಿಕೊಟ್ಟವಳು ಅವಳೇ. ಈಗ ಅವುಗಳ ಬಾಯಿ ಗೋಲಿಯಂತೆ ದುಂಡಗಾಗಿತ್ತು, ಪೆಟ್ಟು ಬಿದ್ದ ತಲೆ ಹೂವಿನಂತೆ ಬಿರಿದು ಹಿಂದಕ್ಕೆ ಮಡಿಸಿಕೊಂಡಿತ್ತು, ಒಂದೊಂದೂ ಗೇಣುಗೇಣು ಗಿಡ್ಡವಾಗಿತ್ತು. ಅವಳು ಒಂದೊಂದನ್ನೇ ತಿರುಗಿಸಿ ನೋಡಿದಳು. ಗಂಡ ಪಕ್ಕದಲ್ಲಿ ಬಂದು ನಿಂತ.

"ಬಂಡೆ ಬಿದ್ದ ಕ್ಷಣಕ್ಕೇ ಸತ್ತರು ಅಂದ್ರು," ಎಂದಳು. "ನಾಲ್ಕು ದಿನಕ್ಕೆ ಸಲಾಕೆ ಮೊಂಡಾಗುತ್ತೆ, ಗಿಡ್ಡ ಆಗಲ್ಲ. ಹದ ಹಾಕಿದ ಬಾಯಿ ಪೂರ್ತಿ ಹೋದ ಮೇಲೇ ಮೈ ಸವೆಯೋದು. ಇದು ಒಂಬತ್ತು ದಿನದ ಸವೆತ. ಇವರು ಗೋಡೆ ಕಟ್ಟುವಾಗ ಅವರು ಕೊರೀತಾ ಇದ್ರು."

ಆ ಐದನ್ನೂ ತೆಗೆದುಕೊಂಡು ಹೋಗಿ ಮ್ಯಾನೇಜರನ ಮೇಜಿನ ಮೇಲೆ, ಅವನ ಕಾಗದಗಳ ಮೇಲೇ, ಇಟ್ಟಳು. ಕಂಡದ್ದನ್ನು ಕಂಡ ಹಾಗೆ ದಫ್ತರದಲ್ಲಿ ಬರೆಯಿರಿ ಎಂದಳು. ಪ್ರಧಾನ ಕಚೇರಿಯ ಅಪ್ಪಣೆಯಿಲ್ಲದೆ ತಾನು ಒಂದು ಅಕ್ಷರವನ್ನೂ ಬರೆಯಲಾರೆ ಎಂದ ಅವನು, ಕಣ್ಣು ಸಲಾಕೆಗಳ ಮೇಲಿಂದ ಕೀಳದೆ.

"ಬರೀಬೇಡಿ. ಬಂದು ನೋಡಿ."

ಅವನು ಬಂದ. ಇಸ್ತ್ರಿ ಮಾಡಿದ ಷರಾಯಿಯಲ್ಲೇ ಮಂಡಿಯೂರಿ ತೆವಳಿದ. ಡಬ್ಬಿಗಳನ್ನು ನೋಡಿದ, ಬಿಲ ನೋಡಿದ, ಕಂಬದಣ್ಣ ನಕ್ಷೆಯ ಮೇಲೆ ಅಳತೆಪಟ್ಟಿ ಹಿಡಿದು ತೋರಿಸಿದ ಆರಡಿಯನ್ನು ನೋಡಿದ. ಹೊರಗೆ ಬಂದ ಮೇಲೆ ನೆಟ್ಟಗೆ ಕಚೇರಿಗೆ ನಡೆದ. ಏಳು ಜನರನ್ನು ಗುಡ್ಡದ ಇಳಿಜಾರಿನಲ್ಲಿ ಮಣ್ಣು ಮಾಡಿದಾಗ ದೂರದಲ್ಲಿ ಟೋಪಿ ತೆಗೆದು ನಿಂತಿದ್ದ. ಒಬ್ಬಂಟಿಯ ಗುಂಡಿಗೆ ಮೊದಲ ಹಿಡಿ ಮಣ್ಣು ಹಾಕಿದವಳು ಮೊದಲಿಗನ ಮಗಳು.

ಮರುದಿನ ಮದ್ದಿನವನು ಬಂದು ಕೇಳಿದಾಗ, ಈಗ ಯಾರೂ ಇಲ್ಲ, ನಿನ್ನ ಕೆಲಸ ನೀನು ಮಾಡು ಎಂದಳು ಕುಲುಮೆಯಕ್ಕ. ಗುಡ್ಡ ಒಂದು ಸಲ ಕೆಮ್ಮಿತು, ಬಾಯಿ ಮುಚ್ಚಿತು. ಅವರು ಉಳಿದ ಗಂಟುಗಳನ್ನು ಹೊತ್ತು ರೈಲು ಹಳಿಯ ಗುಂಟ ಇಳಿದರು. ಆಮೇಲೆ ಹಳಿಗಳನ್ನೂ ಕಿತ್ತರು. ಈಗ ಅಲ್ಲಿಗೆ ಹೋದವರು ಸೂರಿಲ್ಲದ ಸಾಲುಸಾಲು ಮನೆಗಳನ್ನು ನೋಡಿ, ಎಂಥ ಬಿರುಗಾಳಿ ಬೀಸಿರಬೇಕು ಎನ್ನುತ್ತಾರೆ.

ವಿಚಾರಣೆ ನಡೆಯಲು ಎರಡು ವರ್ಷ ಹಿಡಿಯಿತು. ಅದು ನಡೆಯುವಂತೆ ಮಾಡಲು ತಮ್ಮನ ಹೆಂಡತಿ ಕಚೇರಿಯಿಂದ ಕಚೇರಿಗೆ ಅಲೆದು ಮೂರು ಜೊತೆ ಚಪ್ಪಲಿ ಹರಿದಳು. ಸತ್ತವರಿಗೋಸ್ಕರ ಎಂದು ಅಂದು ಕೇಳಿದ್ದವಳು ಈಗ ಯಾರಾದರೂ ಆ ಮಾತೆತ್ತಿದರೆ ಮೇಲೆ ಬೀಳುತ್ತಿದ್ದಳು. ಪಟ್ಟಣದ ದೊಡ್ಡ ಕೋಣೆಯಲ್ಲಿ ಮೂವರು ಅಧಿಕಾರಿಗಳು ಕೂತರು. ಕಂಪನಿಯ ವಕೀಲ ಸಲಾಕೆಯೊಂದನ್ನು ಎರಡೇ ಬೆರಳಿನಲ್ಲಿ ಎತ್ತಿ ಹಿಡಿದು, ಕಬ್ಬಿಣ ನೋಡಿ ದಿನ ಹೇಳುವುದಕ್ಕೂ ಕೈ ನೋಡಿ ಭವಿಷ್ಯ ಹೇಳುವುದಕ್ಕೂ ಏನು ವ್ಯತ್ಯಾಸ ಎಂದು ಕೇಳಿದ. ಕೋಣೆಯಲ್ಲಿ ಕೆಲವರು ನಕ್ಕರು.

"ನನ್ನ ಮಾತು ನಂಬಬೇಡಿ," ಎಂದಳು ಕುಲುಮೆಯಕ್ಕ. "ಅದೇ ಗುಡ್ಡದ ಕಲ್ಲು ತರಿಸಿ. ಹೊಸ ಸಲಾಕೆ ನಾನೇ ಮಾಡಿಕೊಡ್ತೀನಿ, ನಿಮ್ಮ ಕಣ್ಣೆದುರಿಗೆ. ಕಂಪನಿಯವರೇ ಆಳುಗಳನ್ನ ಆರಿಸಲಿ, ಗಟ್ಟಿಯಾದವರನ್ನೇ ಆರಿಸಲಿ. ಅವರು ಹೊಟ್ಟೆ ತುಂಬ ಉಂಡು, ರಾತ್ರಿ ಮಲಗಿ ಎದ್ದು ಬಡೀಲಿ. ನಮ್ಮವರು ಹಸಿದುಕೊಂಡು ಬಡಿದಿದ್ರು."

ಅಧಿಕಾರಿಗಳು ಒಪ್ಪಿದರು. ಕೋರ್ಟಿನ ಹಿತ್ತಲಲ್ಲಿ ಹಸಿರು ಬಂಡೆ ಇಳಿಯಿತು. ಏಳು ಜನ ಆಳುಗಳು ಪಾಳಿಯ ಮೇಲೆ ಬಡಿದರು. ಪಟ್ಟಣದವರು ಬೇಲಿಗೆ ಆತುಕೊಂಡು ನೋಡಿದರು. ನಾಲ್ಕನೆಯ ದಿನ ಸಂಜೆ ಬಾಯಿ ಮೊಂಡಾಗಿತ್ತು, ಉದ್ದ ಕೂದಲೆಳೆಯಷ್ಟೂ ಕಡಿಮೆಯಾಗಿರಲಿಲ್ಲ. ವಕೀಲ ಅಂದಿನಿಂದ ಬೇಲಿಯ ಹತ್ತಿರ ಬರಲಿಲ್ಲ. ಒಂಬತ್ತನೆಯ ದಿನ ಸಂಜೆ ಎರಡನ್ನೂ ಪಕ್ಕಪಕ್ಕ ಇಟ್ಟರು. ಹೊಸದು ಹಳೆಯದಕ್ಕಿಂತ ಇನ್ನೂ ಒಂದು ಬೆರಳು ಉದ್ದವಿತ್ತು. ಆರಡಿಯ ಬಗ್ಗೆ ಚಿಕ್ಕ ಮ್ಯಾನೇಜರನನ್ನು ಕರೆದು ಕೇಳಿದರು. ಅವನು ಕೇಳಿದ್ದಕ್ಕೆ ಮಾತ್ರ ಬಾಯಿ ಬಿಟ್ಟ, ಆದರೆ ಬಾಯಿ ಬಿಟ್ಟಾಗ ಸುಳ್ಳು ಹೇಳಲಿಲ್ಲ.

ಗೋಡೆ ಕಟ್ಟಿಸಿದ ಹಳೆಯ ಮ್ಯಾನೇಜರು ಅಷ್ಟರಲ್ಲಿ ತೀರಿಕೊಂಡಿದ್ದ; ಜೈಲಿಗೆ ಯಾರೂ ಹೋಗಲಿಲ್ಲ. ಏಳು ಜನ ಕನಿಷ್ಠ ಒಂಬತ್ತು ದಿನ ಬದುಕಿದ್ದರು, ಹುಡುಕಾಟ ನಿಲ್ಲಿಸಿದ್ದು ತಪ್ಪು ಎಂದು ತೀರ್ಪು ಬರೆದರು. ಇನ್ನು ಮುಂದೆ ಸಿಕ್ಕಿಕೊಂಡವರನ್ನು ತಲುಪುವ ಮುಂಚೆ ಯಾವ ಗಣಿಯಲ್ಲೂ ಗೋಡೆ ಕಟ್ಟುವಂತಿಲ್ಲ ಎಂದು ಕಾಯಿದೆಗೆ ಒಂದು ಸಾಲು ಸೇರಿತು. ಆ ಒಂದು ಸಾಲನ್ನು ತಮ್ಮನ ಹೆಂಡತಿ ಬೀದಿಯಲ್ಲಿ ನಿಂತು ಗಟ್ಟಿಯಾಗಿ ಓದಿದಳು. ಕುಲುಮೆಯಕ್ಕ ಇನ್ನೊಮ್ಮೆ ಓದು ಎಂದಳು.

ಆ ವರ್ಷ ಕಂಪನಿಯಿಂದ ಕಾಗದ ಬಂತು: 'ದುರಂತಕ್ಕೆ ಬಲಿಯಾದ ಏಳು ಮಂದಿಯ ನೆನಪಿಗೆ' ಎಂದು ಕೆತ್ತಿಸಿದ ಅಮೃತಶಿಲೆ ನಿಲ್ಲಿಸಲು ಮನೆಯವರ ಒಪ್ಪಿಗೆ ಬೇಕಂತೆ. ಒಪ್ಪಿಗೆ ಇಲ್ಲ ಎಂದು ಬರೆದು ಹಾಕಿದರು. ಬೇಸಿಗೆ ಬಂದಾಗ ಕುಲುಮೆಯಕ್ಕ, ಕಂಬದಣ್ಣ, ತಮ್ಮನ ಹೆಂಡತಿ ಮೂವರೂ, ಜೊತೆಗೆ ಮೊದಲಿಗನ ಮಗಳೂ, ಕಾಲ್ನಡಿಗೆಯಲ್ಲಿ ಗುಡ್ಡಕ್ಕೆ ಹೋದರು. ಐದನೆಯ ಸುರಂಗದ ಬಾಯಿಯ ಪಕ್ಕದ ಬಂಡೆಯ ಮೇಲೆ ಏಳು ಹೆಸರುಗಳನ್ನು ತಾವೇ ಕೊರೆದರು. ಹುಡುಗಿ ಅಕ್ಷರ ಬರೆದುಕೊಟ್ಟಳು, ಕಂಬದಣ್ಣ ಉಳಿ ಹಿಡಿದ, ಕುಲುಮೆಯಕ್ಕ ಬಡಿದಳು. ಹೆಸರುಗಳ ಕೆಳಗೆ ಏನು ಬರೆಯಬೇಕೆಂದು ಚರ್ಚೆಯಾಯಿತು. ಕಂಬದಣ್ಣನಿಗೆ ಏನೂ ಬೇಡವೆನಿಸಿತ್ತು. ಕೊನೆಗೆ ಇಷ್ಟು ಬರೆದರು: 'ಒಂಬತ್ತು ದಿನ ಕೊರೆದರು. ಆರಡಿ ಉಳಿದಿತ್ತು.'

ಕೆಲಸಕ್ಕೆ ನಾಲ್ಕು ದಿನ ಹಿಡಿಯಿತು. ಕೊನೆಯ ಮಧ್ಯಾಹ್ನ ತಮ್ಮನ ಹೆಂಡತಿ ಕೆಳಗಿನ ಗೋಡೆಗಳ ನಡುವೆ ತನ್ನ ಮನೆಯನ್ನು ಹುಡುಕಿದಳು. ಎಲ್ಲ ಒಂದೇ ಥರ ಕಾಣುತ್ತಿದ್ದವು, ಬಿಸಿಲು ನೇರವಾಗಿ ಒಲೆಗಳ ಮೇಲೆ ಬಿದ್ದಿತ್ತು. ಮಗಳು ಒಂದನ್ನು ತೋರಿಸಿದಳು, ಅದಲ್ಲ ಎಂದಳು ತಾಯಿ. ಇನ್ನೊಂದು ತೋರಿಸಿದಳು.

"ಅದೂ ಅಲ್ಲ. ಬಿಡು, ಮರ ಎಲ್ಲಿದೆ ಅಂತ ಗೊತ್ತಿದೆಯಲ್ಲ," ಎಂದು ಅವಳು ಬುತ್ತಿ ಬಿಚ್ಚಿ ಎಲ್ಲರಿಗೂ ಹಂಚಿದಳು.